ಬಿಟ್ಟುಹೋದ ಬಸ್ಸು

ಶ್ರಾವಣ ಶನಿವಾರದಂದು ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟವರಿಗೆ ಬಸ್ಸಿನಲ್ಲಿ ಆಸನ ದೊರೆಯುವುದು ದೈವಾನುಗ್ರಹವೇ ಸರಿ. ಕೊರಟಗೆರೆಯಲ್ಲಿ ಕಾಲೂರಲು ಎಡೆಯಿದ್ದರೂ ಮಧುಗಿರಿಯ ಏಕಶಿಲೆಯ ಬೆಟ್ಟ ಕಾಣುವ ವೇಳೆಗೆ ಅದೂ ಇಲ್ಲ. ಶಿರಾ ಕಡೆಯಿಂದ ಬಂದವರೂ ಅಲ್ಲಿ ಹತ್ತುವರು. ‘ಒಳಗೆ ಸರೀರಿ’ ಎಂಬ ಕಂಡಕ್ಟರರ ಕೂಗು ಮಾತ್ರ ನಿಲ್ಲದು.

ವಿಮಾನದ ರೀತಿಯೇ ಬೇರೆ. ಆಸನಗಳಿಗಿಂತ ಹೆಚ್ಚು ಟಿಕೆಟ್ಟು ಮಾರಿದ್ದರೆ ಹೆಚ್ಚಾದವರು ನಿಲ್ದಾಣದಲ್ಲಿಯೇ ಉಳಿಯಬೇಕು. ಅವರಿಗೆ ವಿಳಂಬಕ್ಕೆ ತಕ್ಕಂತೆ 20,000 ರೂಪಾಯಿಯವರೆಗೆ ಪರಿಹಾರವನ್ನು 2016ರ ನಿಯಮ ಗೊತ್ತುಪಡಿಸಿತು.

ಯಾರನ್ನೂ ಬಿಡದ ನಮ್ಮ ಬಸ್ಸೇ ಮೇಲೆಂದು ನಾನು ಭಾವಿಸಿದ್ದೆ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿತು. ಮಡಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅಂದಿನಿಂದ, ಬಿಟ್ಟುಹೋದ ಬಸ್ಸಿಗಾಗಿ ನಾನು ಮರುಗುವುದಿಲ್ಲ.