ಸಂಗಮಕ್ಕೆ ಸೈಕಲ್ ಸವಾರಿ

“ಈ ವಯಸ್ಸಿನಲ್ಲಿ ಬಿದ್ದು ಕೈಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರಮ್ಮಾ?”

2024ರ ದಸರಾ ರಜೆಯ ಮೊದಲ ದಿನ. ಹಿತ್ತಿಲಿನ ಶೀಟಿನ ಮನೆಯಿಂದ ಮಗಳ ಹಳೆಯ ಸೈಕಲ್ ಎಳೆದು ತಂದು ಧೂಳು ಒರೆಸುತ್ತಿದ್ದೆ. ಅದನ್ನು ನೋಡಿ ನಮ್ಮತ್ತೆ ಕೇಳಿದ ಪ್ರಶ್ನೆ ಇದು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ನನಗಾಗಲೇ ನಲವತ್ತೈದು. ಮಂಡಿನೋವು ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುವ ನೆಂಟನ ಹಾಗೆ. ಸೈಕಲ್ ಮುಟ್ಟಿಯೇ ಇಪ್ಪತ್ತಮೂರು ವರ್ಷವಾಗಿತ್ತು!

ಹಾಗಂತ ನನಗೆ ಸೈಕಲ್ ಹೊಸದೇನಲ್ಲ. ಮಂಡ್ಯದಲ್ಲಿ ಹೈಸ್ಕೂಲು ಓದುವಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ತುಳಿದು ಕಲಿತವಳು ನಾನು. ಮೊಣಕೈ ಮೇಲೆ ಇವತ್ತಿಗೂ ಅದರ ಗುರುತಿದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಹಿಂದೆ ತಂಗಿಯನ್ನು, ಮುಂದೆ ತರಕಾರಿ ಚೀಲವನ್ನು ಹೇರಿಕೊಂಡು ಇಡೀ ಊರು ಸುತ್ತುತ್ತಿದ್ದೆ. 2001ರಲ್ಲಿ ಶ್ರೀರಂಗಪಟ್ಟಣಕ್ಕೆ ಸೊಸೆಯಾಗಿ ಬಂದೆ. ಸೈಕಲ್ ತವರಲ್ಲೇ ಉಳಿಯಿತು. ಆಮೇಲೆ ಅದು ಗುಜರಿಗೆ ಹೋಯಿತಂತೆ. ಅಲ್ಲಿಂದ ಮುಂದೆ ನಾನು ಎಲ್ಲಿಗೆ ಹೋಗಬೇಕಾದರೂ ಒಂದೋ ಇವರ ಸ್ಕೂಟರಿನ ಹಿಂದಿನ ಸೀಟು, ಇಲ್ಲವೇ ಆಟೋ.

ಅದರಲ್ಲಿ ಕಷ್ಟವೇನು ಅಂತ ನೀವು ಕೇಳಬಹುದು. ನನಗೂ ಏನೂ ಅನ್ನಿಸಿರಲಿಲ್ಲ. ಆದರೆ ಆ ವರ್ಷ ಶ್ರಾವಣದಲ್ಲಿ ಒಂದು ದಿನ ಬ್ಯಾಂಕಿನ ಕೆಲಸ ಮುಗಿಸಿಕೊಂಡು, “ಬಂದೆ ಇರು” ಎಂದ ಇವರಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಾ ಕೂತೆ. ಹತ್ತು ನಿಮಿಷ, ಅರ್ಧ ಗಂಟೆ, ಒಂದೂವರೆ ಗಂಟೆ! ಅವರಿಗೆ ಕೆಲಸದಲ್ಲಿ ಏನೋ ಅಡಚಣೆ. ಬಿಸಿಲಿಗೆ ಮಂಡಿ ನೋಯಿಸಿಕೊಂಡು ನಡೆಯಲು ಮನಸ್ಸಿಲ್ಲ. ಮನೆ ಇದ್ದದ್ದು ಒಂದೂವರೆ ಕಿಲೋಮೀಟರ್ ದೂರದಲ್ಲಿ. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಲೆಕ್ಕ ಹಾಕಿದೆ. ಇಷ್ಟು ವರ್ಷದಲ್ಲಿ ಯಾರೂ ಕರೆದುಕೊಂಡು ಹೋಗದೆ ನಾನಾಗಿ ಹೋದ ಜಾಗ ಎಷ್ಟು? ಹಾಲಿನ ಡೇರಿ, ದೇವಸ್ಥಾನ, ಮೂಲೆ ಅಂಗಡಿ. ಅಷ್ಟೇ. ಯಾಕೋ ಆ ದಿನ ಅಳು ಬಂತು.

ಈ ವಿಷಯ ಇಬ್ಬರು ಗೆಳತಿಯರ ಹತ್ತಿರ ಹೇಳಿಕೊಂಡೆ. ಒಬ್ಬರು ಅಂಗನವಾಡಿ ಟೀಚರಮ್ಮ, ನನಗಿಂತ ನಾಲ್ಕು ವರ್ಷ ದೊಡ್ಡವರು, ಮಾತಿನ ಮಲ್ಲಿ. ಇನ್ನೊಬ್ಬಳು ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವವಳು, ನನ್ನ ವಾರಗೆಯವಳೇ. ಇಡೀ ಬೀದಿಗೆ ಅವಳು ‘ಟೈಲರಮ್ಮ’. ಅವಳ ಗಂಡ ಲಾರಿ ಓಡಿಸುತ್ತಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ಮಾತೂ ತೊದಲು. ಔಷಧಿ ಅಂಗಡಿ, ಲೈನಿಂಗ್ ಬಟ್ಟೆ ಅಂಗಡಿ ಬಿಟ್ಟರೆ ಅವಳು ಹೊರಗೆ ಕಾಲಿಟ್ಟಿದ್ದೇ ಇಲ್ಲ.

“ಮೂರೂ ಜನ ಸೈಕಲ್ ಹೊಡೆಯೋಣ ಕಣ್ರೇ,” ಅಂದುಬಿಟ್ಟರು ಟೀಚರಮ್ಮ. “ದಸರಾ ರಜಾ ಇದೆ, ಮಕ್ಕಳು ಮನೇಲಿರ್ತಾರೆ. ಸಂಗಮದ ತನಕ ಹೋಗಿ ಬರೋಣ.”

ಸೈಕಲ್ ಎಲ್ಲಿಂದ ತರೋದು? ಅದೇ ತಮಾಷೆ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ನನ್ನ ಮಗಳಿಗೂ 2018ರಲ್ಲಿ ಒಂದು ಸಿಕ್ಕಿತ್ತು. ಕಾಲೇಜಿಗೆ ಅಂತ ಮೈಸೂರು ಸೇರಿದ ಮೇಲೆ ಅವಳು ಅದನ್ನು ತಿರುಗಿ ನೋಡಿರಲಿಲ್ಲ. ವಿಚಾರಿಸಿದರೆ ಟೀಚರಮ್ಮನ ಮನೆಯಲ್ಲೂ ಅಂಥದೇ ಒಂದು, ಟೈಲರಮ್ಮನ ಮನೆಯಲ್ಲೂ ಒಂದು! ಹೆಣ್ಣುಮಕ್ಕಳಿಗೆ ಕೊಟ್ಟ ಸೈಕಲ್ಲು ಕಡೆಗೆ ಅಮ್ಮಂದಿರಿಗೆ ದಕ್ಕಿತು.

ಪಂಕ್ಚರ್ ಅಂಗಡಿಯವನು ಎರಡೂ ಟೈರು ಟ್ಯೂಬು ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು ನನ್ನಿಂದ 850 ರೂಪಾಯಿ ತೆಗೆದುಕೊಂಡ. ಮೊದಲ ದಿನ ಬೆಳಗಿನ ಜಾವ ಐದೂವರೆಗೆ, ಯಾರೂ ನೋಡಬಾರದು ಅಂತ, ಖಾಲಿ ಮೈದಾನಕ್ಕೆ ತಳ್ಳಿಕೊಂಡು ಹೋದೆವು. ಸೈಕಲ್ ಕಲಿತವರು ಮರೆಯುವುದಿಲ್ಲ ಅಂತಾರೆ. ನಿಜ, ಬ್ಯಾಲೆನ್ಸು ಎರಡೇ ನಿಮಿಷದಲ್ಲಿ ಬಂತು. ಆದರೆ ಹತ್ತುವುದು, ಇಳಿಯುವುದು ಎರಡೂ ಮರೆತುಹೋಗಿತ್ತು! ಹತ್ತಿದವಳು ಇಳಿಯಲು ತಿಳಿಯದೆ ಮೈದಾನವನ್ನು ಮೂರು ಸುತ್ತು ಹಾಕಿ ಕಡೆಗೆ ಹುಲ್ಲಿನ ಮೇಲೆ ಒರಗಿದೆ. ಟೀಚರಮ್ಮ ನಕ್ಕು ನಕ್ಕು ತಾವೂ ಬಿದ್ದರು.

ಹೀಗೆ ಒಂದು ವಾರ ಅಭ್ಯಾಸ ಮಾಡಿದೆವು. ಮೊದಲೆರಡು ದಿನ ಹತ್ತೇ ನಿಮಿಷ, ಆಮೇಲೆ ಇಪ್ಪತ್ತು, ಅರ್ಧ ಗಂಟೆ. ಮಂಡಿ ನೋಯಲು ಶುರುವಾದಾಗ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಸೀಟು ತೀರ ಕೆಳಗಿದ್ದರೆ ಮಂಡಿಯ ಮೇಲೇ ಭಾರ ಬೀಳುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಸೀಟಿನ ಎತ್ತರ ಅಷ್ಟಿರಬೇಕು. ಮೊದಮೊದಲು ಭಯ ಇರುವವರು ಕಾಲು ನೆಲಕ್ಕೆ ತಾಗುವಷ್ಟು ತಗ್ಗಿಸಿಕೊಂಡು, ಧೈರ್ಯ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಏರಿಸಿಕೊಳ್ಳಬಹುದು. ಏರಿಸಿದ ಮೇಲೆ ನನ್ನ ನೋವು ಎಷ್ಟೋ ಇಳಿಯಿತು. ಇನ್ನೊಂದು ಮಾತು: ಚೂಡಿದಾರದ ವೇಲನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳಿ. ಚಕ್ರಕ್ಕೆ ಸಿಕ್ಕಿದರೆ ಅಪಾಯ.

ಅಕ್ಟೋಬರ್ 11ರಂದು ಆಯುಧಪೂಜೆ. ಮೂರೂ ಸೈಕಲ್ ತೊಳೆದು, ಹೂ ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಟೈಲರಮ್ಮನ ಮನೆಗೆ ಹೋದಾಗ ಅವಳ ಯಜಮಾನರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ಚಾಚಿ ಸೈಕಲ್ ಹತ್ತಿರ ತರಲು ಸನ್ನೆ ಮಾಡಿದರು. ಹ್ಯಾಂಡಲಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿ ತಲೆ ಅಲ್ಲಾಡಿಸಿದರು. “ಬ್ರೇ... ಕು...” ಅಂದರು ಕಷ್ಟಪಟ್ಟು. ನೋಡಿದರೆ ಹಿಂದಿನ ಬ್ರೇಕಿನ ರಬ್ಬರು ಪೂರ್ತಿ ಸವೆದುಹೋಗಿತ್ತು! ಅಷ್ಟು ದಿನ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಅವತ್ತೇ ಬದಲಾಯಿಸಿದೆವು.

ವಿಜಯದಶಮಿಯ ಮಾರನೇ ದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ರಂಗನಾಥಸ್ವಾಮಿಯ ಗೋಪುರಕ್ಕೆ ಕೈಮುಗಿದು ಹೊರಟೆವು. ಕಾವೇರಿ ಎರಡು ಕವಲಾಗಿ ಸುತ್ತುವರಿದ ದ್ವೀಪ ನಮ್ಮೂರು. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗನಿಗೆ ಮೊದಲಿನವನು ನಮ್ಮ ಆದಿರಂಗ. ದೇವಸ್ಥಾನ ಗಂಗರ ಕಾಲದ್ದು, 894ರದ್ದು ಎನ್ನುತ್ತಾರೆ. ದಸರಾ ಎಂದರೆ ಎಲ್ಲರಿಗೂ ಮೈಸೂರು. ಆದರೆ 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ ಎಂಬುದು ನಮಗೆಲ್ಲ ಹೆಮ್ಮೆ.

ಕೋಟೆ ಬಾಗಿಲ ಹತ್ತಿರ ಮಸೀದಿಯ ಎರಡು ಎತ್ತರದ ಮಿನಾರುಗಳ ಸುತ್ತ ಪಾರಿವಾಳ ಹಾರುತ್ತಿದ್ದವು. ಅಲ್ಲಿಂದ ದೊಡ್ಡ ರಸ್ತೆ ದಾಟಬೇಕು. ನಮ್ಮ ದೊಡ್ಡ ಹೆದರಿಕೆ ಇದ್ದದ್ದೇ ಅಲ್ಲಿ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ಹಳೆ ರಸ್ತೆಯಲ್ಲಿ ಮೊದಲಿನಷ್ಟು ಗಾಡಿ ಇಲ್ಲ. ಆದರೂ ನಾವು ಇಳಿದು, ಸೈಕಲ್ ತಳ್ಳಿಕೊಂಡೇ ದಾಟಿದೆವು. ಇದರಲ್ಲಿ ನಾಚಿಕೆ ಏನಿಲ್ಲ.

ಸ್ವಲ್ಪ ದೂರದಲ್ಲೇ ದರಿಯಾ ದೌಲತ್. ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಬಹುಪಾಲು ತೇಗದ ಮರದ್ದು. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬಾ ಇದೆ. ಅಷ್ಟು ಬೆಳಿಗ್ಗೆ ಬಾಗಿಲು ತೆರೆದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇವರ ಜೊತೆ ನೋಡಿದ್ದು, ಆಮೇಲೆ ಬಂದ ನೆಂಟರಿಗೆಲ್ಲ “ಹೋಗಿ ನೋಡ್ಕೊಂಡು ಬನ್ನಿ” ಅಂತ ಕಳಿಸಿ ನಾನು ಮನೆಯಲ್ಲಿ ಅಡಿಗೆ ಮಾಡಿದ್ದು ನೆನಪಾಯಿತು. ಊರಿನವರಿಗೆ ಊರು ಕಾಣುವುದಿಲ್ಲ ನೋಡಿ!

ಗಂಜಾಮ್ ದಾಟುವಾಗ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಟೀಚರಮ್ಮ ಕಿರುಚಿದ ದನಿಗೆ ನಾಯಿಯೇ ಹೆದರಿ ಹಿಂದಿರುಗಿತು! ನಿಮಿಷಾಂಬ ದೇವಸ್ಥಾನದಲ್ಲಿ ಇಳಿದು, ನದಿಯಲ್ಲಿ ಕಾಲು ತೊಳೆದು ದರ್ಶನ ಮಾಡಿದೆವು. ಬೇಡಿದ್ದನ್ನು ನಿಮಿಷದಲ್ಲಿ ನಡೆಸಿಕೊಡುವ ತಾಯಿ ಎಂದು ನಂಬಿಕೆ. ಟೈಲರಮ್ಮ ಬಹಳ ಹೊತ್ತು ಕಣ್ಣುಮುಚ್ಚಿ ನಿಂತಿದ್ದಳು. ಏನು ಬೇಡಿಕೊಂಡಳು ಅಂತ ನಾವು ಕೇಳಲಿಲ್ಲ.

ಮುಂದೆ ಗುಂಬಜ್. ಹೈದರಾಲಿ, ಅವನ ಹೆಂಡತಿ ಮತ್ತು ಮಗ ಟಿಪ್ಪು ಮಲಗಿರುವ ಜಾಗ. ಸುತ್ತ ಕರಿಕಲ್ಲಿನ ನುಣುಪಾದ ಕಂಬಗಳು. ತೋಟದ ಹೊರಗೆ ನಿಂತು ನೀರು ಕುಡಿಯುತ್ತಿದ್ದೆವು. ಟೈಲರಮ್ಮನ ಫೋನು ಬಡಿದುಕೊಂಡಿತು. ಮನೆಯಿಂದ ಮಗಳು.

“ಅಮ್ಮಾ, ಅಪ್ಪ ಆಗಿಂದ ಏನೋ ಹೇಳ್ತಾನೇ ಇದಾರೆ. ನಂಗೆ ಅರ್ಥ ಆಗ್ತಿಲ್ಲ.”

ಅವಳ ಮುಖ ಬಿಳಿಚಿಕೊಂಡಿತು. “ನಾನು ಬರಬಾರದಿತ್ತು ಕಣೇ,” ಅಂತ ಆಗಲೇ ಸೈಕಲ್ ತಿರುಗಿಸಿದಳು. ನನಗೂ ಎದೆ ಧಸಕ್ಕೆಂದಿತು. ಅವಳನ್ನು ಒತ್ತಾಯ ಮಾಡಿ ಹೊರಡಿಸಿದ್ದು ನಾವೇ ಅಲ್ಲವೇ? ಟೀಚರಮ್ಮ ಅವಳ ಕೈ ಹಿಡಿದು, “ತಡಿಯೇ, ಫೋನು ಅವರ ಹತ್ರ ಕೊಡೋಕೆ ಹೇಳು,” ಅಂದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಉಸಿರಿನ ಶಬ್ದ. ಆಮೇಲೆ ತೊದಲುತ್ತಾ ಎರಡು ಮಾತು ಬಂದವು.

“ಬ್ರೇ... ಕು... ಹಿಡೀ... ತಾ?”

ಟೈಲರಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. “ಹಿಡೀತು ಕಣ್ರೀ, ಚೆನ್ನಾಗಿ ಹಿಡೀತು,” ಅಂದಳು. ಆ ಕಡೆಯಿಂದ ಏನೋ ಅಂದರು. ಫೋನು ಇಟ್ಟ ಮೇಲೆ ಸೆರಗಿಲ್ಲದ್ದು ನೆನಪಾಗಿ ವೇಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. “ಏನಂದ್ರೇ?” ಅಂತ ಕೇಳಿದ್ದಕ್ಕೆ, “ನಿಧಾನಕ್ಕೆ ಬಾ ಅಂದ್ರು,” ಅಂದಳು. ಆಮೇಲೆ ಅವಳೇ ಸೈಕಲ್ಲನ್ನು ಸಂಗಮದ ಕಡೆಗೆ ತಿರುಗಿಸಿದಳು.

ಸಂಗಮದಲ್ಲಿ ಕಾವೇರಿಯ ಎರಡೂ ಕವಲು ಮತ್ತೆ ಒಂದಾಗುತ್ತವೆ. 2023ರಲ್ಲಿ ಮಳೆ ಕೈಕೊಟ್ಟು ಕಲ್ಲುಬಂಡೆಗಳೇ ಕಾಣುತ್ತಿದ್ದ ಹೊಳೆ 2024ರಲ್ಲಿ ತುಂಬಿ ಹರಿಯುತ್ತಿತ್ತು. ನೀರಿಗೆ ಹೋಗುವ ಇಳಿಜಾರಿನಲ್ಲಿ ಎಲ್ಲರಿಗಿಂತ ಮುಂದೆ ಟೈಲರಮ್ಮ! ಹೊಸ ಬ್ರೇಕ್ ಹಿಡಿದು ಠೀವಿಯಿಂದ ನಿಲ್ಲಿಸಿದಳು. ಒಂದು ಕಡೆ ಅಪರಕರ್ಮಕ್ಕೆ ಬಂದವರು, ಇನ್ನೊಂದು ಕಡೆ ತೆಪ್ಪದಲ್ಲಿ ಕೂತು ಕಿರುಚುವ ಮಕ್ಕಳು. ಮೆಟ್ಟಿಲ ಮೇಲೆ ಕೂತು ನಾನು ತಂದಿದ್ದ ಗೊಜ್ಜವಲಕ್ಕಿಯ ಡಬ್ಬಿ ಬಿಚ್ಚಿದೆವು. ದಪ್ಪ ಅವಲಕ್ಕಿಯನ್ನು ತರಿತರಿ ಪುಡಿ ಮಾಡಿ, ಹುಣಸೆರಸ, ಬೆಲ್ಲ, ಸಾರಿನಪುಡಿ, ಉಪ್ಪು ಕಲಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಡಲೆಕಾಯಿ ಬೀಜದ ಒಗ್ಗರಣೆ ಹಾಕಿ, ಕೊಬ್ಬರಿ ಉದುರಿಸಿದರೆ ಆಯಿತು. ಬೆಳಿಗ್ಗೆ ಐದಕ್ಕೆ ಮಾಡಿದ್ದು ಒಂಬತ್ತಕ್ಕೆ ಇನ್ನೂ ರುಚಿ. ಪ್ರಯಾಣಕ್ಕೆ ಇದರಂಥ ತಿಂಡಿ ಇಲ್ಲ.

ಹೋಗಿಬರಲು ಹತ್ತು ಕಿಲೋಮೀಟರ್ ಆಸುಪಾಸು. ನಿಂತು ನಿಂತು ಬಂದದ್ದರಿಂದ ಮನೆ ಸೇರಿದಾಗ ಹತ್ತೂವರೆ. ತೊಡೆಗಳು ಮಾತಾಡುತ್ತಿದ್ದವು. ಇವರು ಬಾಗಿಲಲ್ಲೇ ನಿಂತಿದ್ದರು. “ಫೋನ್ ಮಾಡಿದ್ರೆ ಬಂದು ಕರ್ಕೊಂಡು ಬರ್ತಿರಲಿಲ್ವಾ?” ಅಂದರು. “ಕರ್ಕೊಂಡು ಬರೋದು ಬೇಡ ಅಂತಲೇ ಹೋಗಿದ್ದು,” ಅಂದೆ. ಅರ್ಥವಾಯಿತೋ ಇಲ್ಲವೋ, ನಕ್ಕು ಸೈಕಲ್ ಒಳಗೆ ತಳ್ಳಿಕೊಂಡು ಹೋದರು.

ಅತ್ತೆ ಕುಂಕುಮ ಹಣೆಗಿಟ್ಟುಕೊಂಡು, “ಬೀಳಲಿಲ್ಲ ತಾನೇ?” ಅಂತ ಕೇಳಿದರು. “ಇಲ್ಲ ಅತ್ತೆ.” “ಹಾಗಾದ್ರೆ ಮುಂದಿನ ಸಲ ಹೋದಾಗ ನಿಮಿಷಾಂಬೆಗೆ ನಂದೊಂದು ತೆಂಗಿನಕಾಯಿ ತಗೊಂಡು ಹೋಗು,” ಅಂದರು. ಅಪ್ಪಣೆ ಸಿಕ್ಕಿದ್ದು ಹೀಗೆ.

ಪ್ರತಿ ವಾರ ಹೋಗುತ್ತೇವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆ ಅಂದಮೇಲೆ ನೂರೆಂಟು. ಆದರೆ ಬ್ಯಾಂಕಿಗೆ, ತರಕಾರಿಗೆ ಈಗ ನನ್ನ ಸೈಕಲ್ಲಿದೆ. ಕೆಲಸ ಮುಗಿದ ಕೂಡಲೇ ಹೊರಡುತ್ತೇನೆ, ಯಾರಿಗೂ ಕಾಯುವುದಿಲ್ಲ. ಟೈಲರಮ್ಮ ಗುಂಡಿ, ದಾರ ತರಲು ಹೊರಟಾಗಲೆಲ್ಲ ಅವಳ ಯಜಮಾನರು ಎಡಗೈಯಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿಯೇ ಕಳಿಸುತ್ತಾರೆ.

ನಿಮ್ಮ ಮನೆಯ ಹಿತ್ತಿಲಲ್ಲೂ ಮಕ್ಕಳು ಬಿಟ್ಟ ಸೈಕಲ್ ಒಂದು ತುಕ್ಕು ಹಿಡಿಯುತ್ತಾ ನಿಂತಿರಬಹುದು. ಈ ರಜೆಯಲ್ಲಿ ಅದನ್ನೊಮ್ಮೆ ಹೊರಗೆ ತೆಗೆಯಿರಿ. ಜೊತೆಗೆ ಒಬ್ಬ ಗೆಳತಿಯನ್ನೂ ಹೊರಗೆ ಕರೆಯಿರಿ. ಹೊರಡುವ ಮುಂಚೆ ಮಾತ್ರ ಬ್ರೇಕ್ ನೋಡಿಕೊಳ್ಳಿ!