ಉಸಿರಾಡದ ಮೂಗು

ಅಮೆರಿಕದ ಕೆಲವು ಕಾರುಗಳ ಬಾನೆಟ್ಟಿನ ಮೇಲೆ ಒಂದು ಉಬ್ಬು ಇರುತ್ತದೆ. ಎದುರಿಂದ ಬೀಸಿ ಬರುವ ಗಾಳಿಯನ್ನೆಲ್ಲ ನುಂಗಿಬಿಡುತ್ತೇನೆ ಎಂಬಂತೆ ಬಾಯಿ ತೆರೆದು ಕೂತಿರುತ್ತದೆ. ಅದನ್ನು ಹುಡ್ ಸ್ಕೂಪ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೊಂದು ಹೆಸರಿಲ್ಲ, ಹಾಗಾಗಿ ನಾನು ಮೂಗು ಅಂತಲೇ ಕರೆಯುತ್ತೇನೆ. ಎಂಜಿನ್ ಉಸಿರಾಡುವ ಯಂತ್ರ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ತಣ್ಣಗಿದ್ದಷ್ಟೂ ದಟ್ಟವಾಗಿರುತ್ತದೆ, ದಟ್ಟವಾಗಿದ್ದಷ್ಟೂ ಒಂದೊಂದು ಉಸಿರಿಗೆ ಹೆಚ್ಚು ಆಮ್ಲಜನಕ ಒಳಗೆ ಹೋಗುತ್ತದೆ. ಬಾನೆಟ್ಟಿನ ಕೆಳಗಿನ ಗಾಳಿ ಎಂಜಿನ್ನಿನ ಕಾವಿಗೆ ಬೆಂದಿರುತ್ತದೆ. ಹೊರಗಿನ ತಣ್ಣನೆಯ ಗಾಳಿಯನ್ನು ನೇರ ಎಳೆದುಕೊಂಡರೆ ಲಾಭ. ಮೂಗು ಹುಟ್ಟಿದ್ದು ಈ ತರ್ಕದಿಂದ.

ಆದರೆ ಬಹಳಷ್ಟು ಕಾರುಗಳಲ್ಲಿ ಈ ಮೂಗಿಗೆ ಹೊಳ್ಳೆಯೇ ಇಲ್ಲ. ಬೆರಳು ಹಾಕಿ ನೋಡಿದರೆ ಎರಡಂಗುಲ ಒಳಗೆ ತಗಡು ತಾಗುತ್ತದೆ.

ಇದು ಇವತ್ತಿನ ಕಥೆಯೇನಲ್ಲ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಕಾರಿನ ಬಾನೆಟ್ ಮೇಲೆ ಇದ್ದ ಎರಡು ಮೂಗುಗಳೂ ಬರೀ ಅಲಂಕಾರ. ಮರುವರ್ಷದ ಮಾದರಿಯಲ್ಲಿ ಎರಡು ಹೋಗಿ ಒಂದಾಯಿತು. ಅದೂ ಮುಚ್ಚಿದ್ದೇ. ಆದರೆ 1965ರಲ್ಲೇ ಅದನ್ನು ತೆರೆಯುವ ಒಂದು ಕಿಟ್ ಡೀಲರುಗಳ ಮೂಲಕ ಮಾರಾಟಕ್ಕೆ ಬಂತು. ಕಾರ್ಬ್ಯುರೇಟರುಗಳ ಸುತ್ತ ಕೂರುವ ತಗಡಿನ ತಟ್ಟೆ, ಬಾನೆಟ್ಟಿಗೆ ಬಿಗಿಯಾಗಿ ಒತ್ತಿಕೊಳ್ಳುವ ಗ್ಯಾಸ್ಕೆಟ್ಟು, ಅಷ್ಟೇ. ಕಾರು ತಯಾರಿಸಿದವರೇ ಮುಚ್ಚಿ ಮಾರಿದ್ದನ್ನು ತೆರೆಯಲು ಅವರೇ ಸಾಮಾನು ಮಾರಿದರು. ಆಮೇಲಿನ ವರ್ಷಗಳಲ್ಲಿ ನಿಜವಾಗಿಯೂ ಉಸಿರಾಡುವ ಮೂಗುಗಳು ಬಂದವು. 1969ರ ಮಸ್ಟಾಂಗ್ ಮ್ಯಾಕ್ 1ರಲ್ಲಿ ಮೂಗನ್ನು ಎಂಜಿನ್ನಿಗೇ ಕೂರಿಸಿ ಬಾನೆಟ್ಟಿನ ತೂತಿನಿಂದ ಹೊರಗೆ ಬಿಟ್ಟಿದ್ದರು. ಎಂಜಿನ್ ನಡುಗಿದಾಗ ಅದೂ ನಡುಗುತ್ತಿತ್ತು, ಅದಕ್ಕೇ ಶೇಕರ್ ಎಂಬ ಹೆಸರು. 1970ರ ಪ್ಲಿಮತ್ ರೋಡ್ ರನ್ನರ್‌ನಲ್ಲಿ ಚಾಲಕ ಒಂದು ಸ್ವಿಚ್ ಒತ್ತಿದರೆ ಬಾನೆಟ್ಟಿನ ನಡುವಿನ ಮುಚ್ಚಳ ಮೇಲೇಳುತ್ತಿತ್ತು. ಅದರ ಪಕ್ಕದಲ್ಲಿ ಹಲ್ಲು ಕಿರಿದ ಬಾಯಿಯ ಚಿತ್ರ.

ಇದೆಲ್ಲ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಾನು ಮಿಷಿಗನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶಾಖ ವರ್ಗಾವಣೆ ನನ್ನ ವಿಷಯ, ಇದು ಐದನೆಯ ವರ್ಷ. ನಮ್ಮ ಲ್ಯಾಬಿನ ವಿಂಡ್ ಟನೆಲ್ ನೋಡಿಕೊಳ್ಳುವ ಟೆಕ್ನಿಷಿಯನ್ ಒಬ್ಬರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ನಾವು ಮೂರು ದಿನ ತಿಣುಕಿದ ಸೋರಿಕೆಯನ್ನು ಅವರು ಅಂಗೈಯನ್ನು ಕೊಳವೆಯ ಉದ್ದಕ್ಕೂ ಆಡಿಸಿ ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ಅವರ ಹತ್ತಿರ 2002ರ ಒಂದು ಮಸ್ಟಾಂಗ್ ಜಿಟಿ ಇದೆ. 4.6 ಲೀಟರಿನ ವಿ8 ಎಂಜಿನ್, 260 ಅಶ್ವಶಕ್ತಿ. ಬಾನೆಟ್ ಮೇಲೆ ಮೂಗು, ಆ ಮೂಗಿಗೆ ಹೊಳ್ಳೆಯಿಲ್ಲ.

ಕಳೆದ ಮೇ ತಿಂಗಳಲ್ಲಿ ಅವರು ನನ್ನ ಮೇಜಿನ ಹತ್ತಿರ ಬಂದು, "ಅದನ್ನು ತೆರೆಯಬೇಕು ಅಂತಿದ್ದೀನಿ. ನೀನು ಲೆಕ್ಕ ಹಾಕಿ ಹೇಳು, ಏನಾದರೂ ಉಪಯೋಗ ಇದೆಯಾ?" ಎಂದರು.

ಲೆಕ್ಕ ಕಷ್ಟದ್ದಲ್ಲ. ಚಲಿಸುವ ಗಾಳಿಯನ್ನು ತಡೆದು ನಿಲ್ಲಿಸಿದರೆ ಹುಟ್ಟುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಅದು ಹೆಚ್ಚೆಂದರೆ 560 ಪಾಸ್ಕಲ್. ನಮ್ಮ ಸುತ್ತಲಿನ ವಾತಾವರಣದ ಒತ್ತಡ 1,01,325 ಪಾಸ್ಕಲ್. ಅಂದರೆ ಶೇಕಡಾ ಅರ್ಧದಷ್ಟು. ವೇಗ ಎರಡು ಪಟ್ಟಾದರೂ ಶೇಕಡಾ ಎರಡನ್ನು ದಾಟಿ ಸ್ವಲ್ಪ, ಅಷ್ಟೇ. ಇದು ಕೂಡ ಮೂಗು ಒಳ್ಳೆಯ ಗಾಳಿಯಲ್ಲಿದ್ದರೆ ಮಾತ್ರ. ಬಾನೆಟ್ಟಿನ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ಪದರ ಘರ್ಷಣೆಯಿಂದ ನಿಧಾನವಾಗಿರುತ್ತದೆ. ತಗ್ಗಾದ ಮೂಗಿಗೆ ಸಿಗುವುದು ಆ ಸೋಮಾರಿ ಗಾಳಿಯೇ. ರೇಸಿನ ಕಾರುಗಳ ಮೂಗು ಅಷ್ಟು ಎತ್ತರ ಇರುವುದು ಅದರಿಂದ ತಪ್ಪಿಸಿಕೊಳ್ಳಲು. ಇನ್ನು ಕೆಲವು ಕಾರುಗಳಲ್ಲಿ ಬಾಯಿ ಹಿಂದಕ್ಕೆ, ಗಾಜಿನ ಕಡೆಗೆ ತಿರುಗಿರುತ್ತದೆ. ವಿಂಡ್‌ಶೀಲ್ಡಿನ ಬುಡದಲ್ಲಿ ಗಾಳಿ ಒತ್ತರಿಸಿಕೊಂಡು ಒತ್ತಡ ಹೆಚ್ಚಿರುತ್ತದೆ, ಅಲ್ಲಿಂದ ಎಳೆದುಕೊಳ್ಳುವುದು ಜಾಣತನ.

ಹಾಗಾದರೆ ಉಳಿಯುವುದು ತಂಪಿನ ಲಾಭ. ಬಾನೆಟ್ಟಿನೊಳಗೆ 60 ಡಿಗ್ರಿ, ಹೊರಗೆ 25 ಡಿಗ್ರಿ ಎಂದಿಟ್ಟುಕೊಂಡರೆ ಹೊರಗಿನ ಗಾಳಿ ಸುಮಾರು ಶೇಕಡಾ 12ರಷ್ಟು ದಟ್ಟ. ಇದು ದೊಡ್ಡ ಅಂತರವೇ. ಆದರೆ ಈ ಕಾರು ಆಗಲೇ ಮುಂದಿನ ಚಕ್ರದ ಮೇಲಿನ ಫೆಂಡರಿನೊಳಗಿಂದ ಗಾಳಿ ಎಳೆದುಕೊಳ್ಳುತ್ತದೆ, ಎಂಜಿನ್ನಿನ ತಲೆಯ ಮೇಲಿಂದಲ್ಲ. ಕಾಣದ ಕಡೆ ಒಂದು ನಿಜವಾದ ಮೂಗು ಇದೆ, ಕಾಣುವ ಕಡೆ ಹುಸಿ ಮೂಗು.

"ಹೆಚ್ಚೇನೂ ಆಗಲಾರದು" ಎಂದೆ.

"ಸರಿ. ತೆರೆಯೋಣ" ಎಂದರು.

ಲೆಕ್ಕ ಕೇಳಿದ್ದಾದರೂ ಯಾಕೆ ಎಂದು ಕೇಳಿದಾಗ ಅವರು ತಮ್ಮ ಅಣ್ಣನ ಕಥೆ ಹೇಳಿದರು. ಅಣ್ಣನ ಬಳಿ 1977ರ ಟ್ರಾನ್ಸ್ ಆ್ಯಮ್ ಇತ್ತು. ಅದರ ಶೇಕರ್ ಮೂಗು ಎಪ್ಪತ್ತರ ದಶಕದ ಆರಂಭದಲ್ಲಿ ತೆರೆದೇ ಇರುತ್ತಿತ್ತು. ಶಬ್ದದ ಮೇಲಿನ ನಿಯಮಗಳು ಬಿಗಿಯಾದ ಮೇಲೆ, 1973ರಿಂದ, ಕಂಪನಿ ಅದನ್ನು ಮುಚ್ಚಿಯೇ ಕೊಡತೊಡಗಿತು. ಮೂಗು ಅಲ್ಲೇ ಉಳಿಯಿತು, ಉಸಿರು ನಿಂತಿತು. ಅಣ್ಣ ಒಂದು ಭಾನುವಾರ ಮುಚ್ಚಿದ ಭಾಗವನ್ನು ಕತ್ತರಿಸಿ ತೆಗೆದರಂತೆ. ಇವರಿಗೆ ಆಗ ಹನ್ನೆರಡು ವರ್ಷ, ಟಾರ್ಚ್ ಹಿಡಿದು ನಿಂತಿದ್ದರು. "ಕಾರು ಜೋರಾಯಿತೋ ಇಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿಯವರೆಗೆ ಅಣ್ಣ ಆ ಕಾರಿನ ಮುಂದೆ ಬಂದು ನಿಂತಾಗಲೆಲ್ಲ ಮುಖ ಸಿಂಡರಿಸುತ್ತಿದ್ದ. ಆಮೇಲೆ ನಿಲ್ಲಿಸಿದ" ಎಂದರು. ಅಣ್ಣ ತೀರಿಕೊಂಡು ಕೆಲವು ವರ್ಷಗಳಾಗಿವೆ ಎಂಬುದನ್ನು ಅವರು ಹೇಳಿದ್ದು ಎಷ್ಟೋ ದಿನದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ.

ಕೆಲಸ ಶುರುವಾಯಿತು. ಬಾನೆಟ್ ಅಂದರೆ ಒಂದೇ ತಗಡಲ್ಲ. ಮೇಲಿನ ಹಾಳೆ, ಅದರ ಕೆಳಗೆ ಪಕ್ಕೆಲುಬಿನಂಥ ಚೌಕಟ್ಟು. ಪಕ್ಕೆಲುಬಿಗೆ ಗರಗಸ ತಾಗಿದರೆ ಬಾನೆಟ್ ಬಲ ಕಳೆದುಕೊಳ್ಳುತ್ತದೆ. ಅಪಘಾತದಲ್ಲಿ ಅದು ಹೇಗೆ ಮಡಚಬೇಕೋ ಹಾಗೆ ಮಡಚುವುದಿಲ್ಲ. ಹಾಗಾಗಿ ಮೊದಲ ಎರಡು ಸಂಜೆ ಬರೀ ಅಳತೆ ಮತ್ತು ಪೆನ್ಸಿಲ್ ಗೆರೆ. ಮೂರನೆಯ ಸಂಜೆ ಬಣ್ಣ ಕೀಳದಂತೆ ಟೇಪ್ ಅಂಟಿಸಿ, ಮೂಲೆಗಳಲ್ಲಿ ಡ್ರಿಲ್ ಹಾಕಿ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದೆವು. ಕೊಯ್ದ ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಪ್ರೈಮರ್ ಬಳಿದರು. ಕೆಳಗೆ ಅಲ್ಯೂಮಿನಿಯಂ ತಗಡಿನ ತಟ್ಟೆ, ಅಲ್ಲಿಂದ ಮೂಲೆಯಲ್ಲಿರುವ ಏರ್ ಫಿಲ್ಟರಿಗೆ ಒಂದು ಕೊಳವೆ. ಬಾನೆಟ್ ಮುಚ್ಚಿದಾಗ ಸಂದಿ ಬಿಡದಂತೆ ಸುತ್ತ ಸ್ಪಂಜಿನ ಪಟ್ಟಿ. ಈ ಪಟ್ಟಿ ಸರಿಯಾಗಿ ಕೂರದಿದ್ದರೆ ಎಂಜಿನ್ ಮತ್ತೆ ತನ್ನ ಬಿಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಮೂಗು ತೆರೆದದ್ದು ವ್ಯರ್ಥ.

ಆ ವಾರ ಅಪ್ಪನಿಗೆ ಫೋನು ಮಾಡಿದಾಗ ಇದನ್ನೂ ಹೇಳಿದೆ. ಅಪ್ಪ ತುಮಕೂರಿನ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ನನ್ನ ಸಂಶೋಧನೆಯ ವಿಷಯ ಐದು ವರ್ಷದಲ್ಲಿ ಒಮ್ಮೆಯೂ ಅವರ ಕಿವಿ ನೆಟ್ಟಗೆ ಮಾಡಿರಲಿಲ್ಲ. ಈಗ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ.

"ಮಳೆ ಬಂದ್ರೆ?"

"ಜಾಲರಿ ಹಾಕ್ತೀವಪ್ಪ."

"ಜಾಲರಿ ಎಲೆ ತಡೀತದೆ, ನೀರು ತಡೀತದಾ? ಗಾಳಿ ಬರೋಕೆ ದಾರಿ ಮಾಡಿದ್ರೆ ಸಾಲ್ದು ಕಣಮ್ಮ, ನೀರು ಹೋಗೋಕೂ ದಾರಿ ಮಾಡ್ಬೇಕು. ಸಿಲಿಂಡರಿಗೆ ನೀರು ಹೋದ್ರೆ ರಾಡ್ ಬಾಗ್ತದೆ, ಎಂಜಿನ್ ಮುಗೀತು. ಯಾರ್ದೋ ಗಾಡಿ, ಹುಷಾರು."

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಅಪ್ಪನ ಮಾತನ್ನು ಟೆಕ್ನಿಷಿಯನ್ನರಿಗೆ ಹೇಳಿದೆ. ಅವರ ನಕ್ಷೆಯಲ್ಲಿ ಒಂದು ರಂಧ್ರ ಆಗಲೇ ಇತ್ತು. ಆದರೂ ಪೆನ್ಸಿಲ್ ತೆಗೆದು ಇನ್ನೊಂದನ್ನು ಸೇರಿಸಿದರು. ತಟ್ಟೆಯನ್ನು ತುಸು ವಾರೆಯಾಗಿ ಇಳಿಸಿ, ತಗ್ಗಿನ ಎರಡು ಮೂಲೆಗಳಿಂದ ರಬ್ಬರ್ ಕೊಳವೆಗಳನ್ನು ನೆಲದ ಕಡೆ ಬಿಟ್ಟೆವು. ಕೊಳಾಯಿಯ ಪೈಪಿನಿಂದ ಅರ್ಧ ಗಂಟೆ ನೀರು ಹಾಯಿಸಿ ನೋಡಿದೆವು. ಫಿಲ್ಟರಿನ ಪೆಟ್ಟಿಗೆ ಒಣಗಿಯೇ ಇತ್ತು. "ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳು" ಎಂದರು. ಅಪ್ಪ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳುವುದು ಆ ಕಾರಿನ ಕ್ಷೇಮವನ್ನು.

ಆಮೇಲೆ ಅಳತೆ. ಎರಡು ಥರ್ಮೊಕಪಲ್ ತಂತಿಗಳು. ಒಂದು ಹೊರಗಿನ ಗಾಳಿಯಲ್ಲಿ, ಇನ್ನೊಂದು ಫಿಲ್ಟರಿನ ಬಾಯಲ್ಲಿ. ಒಂದೇ ರಸ್ತೆ, ಒಂದೇ ಸಂಜೆ, ಒಂದೇ ವೇಗ. ಮೂಗಿಗೆ ಟೇಪ್ ಹಚ್ಚಿ ಒಮ್ಮೆ, ತೆಗೆದು ಒಮ್ಮೆ, ಮತ್ತೆ ಹಚ್ಚಿ ಒಮ್ಮೆ. ಹೀಗೆ ಮಾಡದಿದ್ದರೆ ಸಂಜೆ ತಂಪಾದದ್ದನ್ನು ಮೂಗಿನ ಪ್ರತಾಪ ಎಂದು ಬರೆದುಕೊಂಡುಬಿಡುವ ಅಪಾಯ ಇದೆ. ಮೂರು ಸಂಜೆಗಳ ಅಳತೆಯ ಕೊನೆಗೆ ಹೆದ್ದಾರಿಯಲ್ಲಿ ಸಿಕ್ಕ ಅಂತರ ಸುಮಾರು ಎರಡು ಡಿಗ್ರಿ. ಎರಡು ಡಿಗ್ರಿ ಎಂದರೆ ಗಾಳಿಯ ಸಾಂದ್ರತೆಯಲ್ಲಿ ಶೇಕಡಾ 0.7. 260 ಅಶ್ವಶಕ್ತಿಯಲ್ಲಿ ಎರಡಕ್ಕೂ ಕಡಿಮೆ. ಚಾಲಕ ಹೊಟ್ಟೆ ತುಂಬ ಊಟ ಮಾಡಿ ಕೂತರೆ ಆ ಲಾಭ ಎಲ್ಲಿ ಹೋಯಿತೆಂದು ಹುಡುಕಬೇಕು.

ನಾನು ಗ್ರಾಫ್ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ನಿನ್ನ ಮೊದಲ ಲೆಕ್ಕ ಸರಿ ಇತ್ತು" ಎಂದರು. ದನಿಯಲ್ಲಿ ಬೇಸರ ಇರಲಿಲ್ಲ. "ಆದರೆ ಈಗ ಯಾರಾದರೂ ಕೇಳಿದರೆ, ಅದು ಕೆಲಸ ಮಾಡುತ್ತದೆ, ಎರಡು ಡಿಗ್ರಿಯಷ್ಟು ಕೆಲಸ ಮಾಡುತ್ತದೆ ಅಂತ ಹೇಳಬಹುದು. ಮೊದಲು ಹೇಳಲು ಏನೂ ಇರಲಿಲ್ಲ."

ಈ ಮಾತು ನನ್ನನ್ನು ಹಿಡಿದುಕೊಂಡದ್ದಕ್ಕೆ ಕಾರಣ ಆ ಕಾರಲ್ಲ. ಅದೇ ದಿನಗಳಲ್ಲಿ ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಮೇಜಿನ ಮೇಲಿತ್ತು. ಲೋಹದ ಮೇಲ್ಮೈ ಮೇಲೆ ಸಣ್ಣ ಗೀರುಗಳನ್ನು ಕೊರೆದು ಅದು ಬೇಗ ತಣಿಯುವಂತೆ ಮಾಡುವುದು ನನ್ನ ಕೆಲಸ. ಎರಡು ವರ್ಷದ ಪ್ರಯೋಗದ ಕೊನೆಗೆ ಸಿಕ್ಕದ್ದು ಸಣ್ಣ ಸಂಖ್ಯೆ, ಅಳತೆಯ ಅನಿಶ್ಚಿತತೆಗಿಂತ ಕೂದಲೆಳೆಯಷ್ಟು ಹೆಚ್ಚು. ಸಮಿತಿಯ ಮುಂದೆ ಇದು ನಿಲ್ಲದಿದ್ದರೆ ಇನ್ನೊಂದು ಸೆಮಿಸ್ಟರ್ ಬೇಕು. ಅದಕ್ಕೆ ಸ್ಟೈಪೆಂಡ್ ಇದೆಯೋ ಇಲ್ಲವೋ ಖಾತ್ರಿಯಿಲ್ಲ, ವೀಸಾದ ಕಾಗದಗಳೂ ಅದಕ್ಕೇ ಕಟ್ಟಿಕೊಂಡಿವೆ. ಇಂಥ ಹೊತ್ತಿನಲ್ಲಿ ಬಾನೆಟ್ಟಿನ ಮೇಲೊಂದು ಮೂಗು ಅಂಟಿಸುವ ದಾರಿಗಳು ಸಂಶೋಧಕರಿಗೆಲ್ಲ ಗೊತ್ತಿರುತ್ತವೆ. ಗ್ರಾಫಿನ ಅಕ್ಷವನ್ನು ಸೊನ್ನೆಯಿಂದ ಶುರುಮಾಡದೆ ಮೇಲಿನಿಂದ ಶುರುಮಾಡಿದರೆ ಗುಡ್ಡ ಬೆಟ್ಟವಾಗುತ್ತದೆ. ಓದದ ಮೂವತ್ತು ಲೇಖನಗಳನ್ನು ಉಲ್ಲೇಖಿಸಿದರೆ ಅಧ್ಯಾಯ ತೂಕದ್ದಾಗಿ ಕಾಣುತ್ತದೆ. ಇದ್ಯಾವುದೂ ಪೂರ್ತಿ ಸುಳ್ಳಲ್ಲ. ಮೂಗು ಇದೆ, ಬಾಯಿ ತೆರೆದಿದೆ, ಒಳಗೆ ಮಾತ್ರ ತಗಡು. ಹೊರಗೆ ಥಳುಕು, ಒಳಗೆ ಹುಳುಕು ಎನ್ನುವಷ್ಟು ಹುಳುಕೂ ಅಲ್ಲ. ಒಳಗೆ ಏನೂ ಇಲ್ಲ, ಅಷ್ಟೇ.

ಅಲಂಕಾರವನ್ನು ನಾನು ಹಳಿಯುತ್ತಿಲ್ಲ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಕಾರಿನ ಅಂದಕ್ಕೆ ಸಾಮಾನು ಹುಡುಕುವವರನ್ನು ನೋಡಿದ್ದೇನೆ. ದುಡಿದು ಕೊಂಡ ಗಾಡಿ ಚೆನ್ನಾಗಿ ಕಾಣಲಿ ಎನ್ನುವುದರಲ್ಲಿ ತಪ್ಪೇನಿದೆ? ನಮ್ಮ ಲಾರಿಗಳ ಹಣೆಯ ಮೇಲಿನ ಹೂವು, ನವಿಲು ಯಾವ ಕೆಲಸವನ್ನೂ ಮಾಡುವುದಿಲ್ಲ. ಮಾಡುತ್ತೇವೆ ಎಂದು ಹೇಳುವುದೂ ಇಲ್ಲ. ಹುಸಿ ಮೂಗಿನ ತೊಂದರೆ ಅದು ಚಂದಕ್ಕೆ ಇದೆ ಎನ್ನುವುದಲ್ಲ, ಉಸಿರಾಡುತ್ತಿದ್ದೇನೆ ಎಂದು ನಟಿಸುವುದು.

ಅಧ್ಯಾಯವನ್ನು ಸಣ್ಣ ಸಂಖ್ಯೆಯ ಜೊತೆಗೇ ಬರೆದೆ. ಅಕ್ಷ ಸೊನ್ನೆಯಿಂದ. ಜೊತೆಗೆ ಅದು ಯಾಕೆ ಸಣ್ಣದು, ಯಾವ ಗೀರಿನ ಆಳ ದಾಟಿದ ಮೇಲೆ ಲಾಭ ನಿಂತುಹೋಗುತ್ತದೆ ಎಂಬ ನಾಲ್ಕು ಪುಟ. ಮಾರ್ಗದರ್ಶಕರು ಓದಿ, "ಸಮಿತಿ ಕೇಳುವ ಪ್ರಶ್ನೆಗಳಿಗೆ ಸಿದ್ಧಳಾಗು" ಎಂದಷ್ಟೇ ಹೇಳಿದ್ದಾರೆ. ಸಭೆ ಜನವರಿಯಲ್ಲಿ. ಏನಾಗುತ್ತದೋ ಗೊತ್ತಿಲ್ಲ.

ಆಗಸ್ಟಿನಲ್ಲಿ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ, ಡ್ರೀಮ್ ಕ್ರೂಸ್ ಎಂದು. 1995ರಿಂದ ನಡೆದುಬಂದಿದೆ. ಅವರು ನನ್ನನ್ನೂ ಕರೆದುಕೊಂಡು ಹೋದರು. ಮೈಲುಗಟ್ಟಲೆ ಕಾರು, ರಸ್ತೆಯ ಇಕ್ಕೆಲಗಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಜನ, ನಮ್ಮೂರ ತೇರಿನ ದಿನದಂಥ ಧೂಳು ಮತ್ತು ಸಡಗರ. ಸಿಗ್ನಲ್ಲಿನಲ್ಲಿ ನಿಂತಾಗ ಒಬ್ಬ ಹುಡುಗ ಫುಟ್‌ಪಾತ್‌ನಿಂದ ಕೂಗಿ ಕೇಳಿದ: "ಅದು ನಿಜವಾದದ್ದಾ?" ಅವರು ಉತ್ತರ ಕೊಡದೆ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದರು. ಮೂಗಿನೊಳಗಿಂದ ಎಂಜಿನ್ ಉಸಿರೆಳೆದುಕೊಳ್ಳುವ ಸದ್ದು ಕೇಳಿತು. ಗೊರಕೆಗೂ ನಿಟ್ಟುಸಿರಿಗೂ ನಡುವಿನ ಸದ್ದು. ನನ್ನ ಲೆಕ್ಕದಲ್ಲಿ ಅದು ಎಲ್ಲಿಯೂ ಇರಲಿಲ್ಲ, ನಾನು ಅದನ್ನು ಅಳೆದಿರಲಿಲ್ಲ. ಹುಡುಗ ಎರಡೂ ಕೈ ಮೇಲೆತ್ತಿ ಕುಣಿದ. ಹಸಿರು ದೀಪ ಬಿತ್ತು, ನಾವು ಮುಂದೆ ಹೋದೆವು.