ಬಸಿದ ಮೇಲೆ

ಬುಧವಾರ ಸಂಜೆ ಐದೂವರೆ. ಟಿ. ನರಸೀಪುರದ ರಸ್ತೆ ಬದಿಯಲ್ಲಿ ಗೋಣಿತಾಟಿನ ಮೇಲೆ ದಂಟಿನ ಸೊಪ್ಪು ಹರಡಿಕೊಂಡ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಪಕ್ಕದಲ್ಲಿ ಅವರೆಕಾಯಿಯ ಗುಡ್ಡೆ. ಒಂದು ಕಾಯಿ ಹಿಸುಕಿ ಮೂಗಿಗೆ ಹಿಡಿಯುತ್ತೇನೆ. ಮಾಗಿಯ ಇಬ್ಬನಿ ಕುಡಿದ ಅವರೆಯ ಸೊಗಡು. ಬೆರಳಿಗೆ ಎಣ್ಣೆಯ ಹಾಗೆ ಅಂಟಿತೆಂದರೆ ಸೋಪು ಹಾಕಿ ತೊಳೆದರೂ ರಾತ್ರಿವರೆಗೆ ಬಿಡುವುದಿಲ್ಲ.

"ಸೊಪ್ಪು ಎಂಗಕ್ಕ?"

"ಇಪ್ಪತ್ರುಪಾಯ್ಗೆ ಮೂರು ಕಂತೆ ಕನವ್ವ. ಮಧ್ಯಾನ ಕಿತ್ತಿರದು, ಬೇರು ನೋಡು, ಮಣ್ಣು ಇನ್ನೂ ಹಸಿಯಾಗೇ ಅದ."

ಕೊಸರಿಗೆಂದು ಒಂದು ಹಿಡಿ ಸಬ್ಬಸಿಗೆಯನ್ನೂ ಚೀಲಕ್ಕೆ ತುರುಕುತ್ತಾರೆ. ಒಂದು ಕೆಜಿ ಅವರೆಕಾಯಿ, ಎರಡು ಮೂಲಂಗಿ. ರಾತ್ರಿಯ ಊಟ ಚೀಲಕ್ಕೆ ಬಿತ್ತು.

ನಂಜನಗೂಡಿನ ಬಸ್ಸು ಹೊರಡುತ್ತದೆ. ಕಪಿಲೆ ನಂಜನಗೂಡನ್ನು ಬಳಸಿ ಹರಿದು ಬಂದು ಇಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನನ್ನ ಚೀಲದ ಸೊಪ್ಪು ಆ ನೀರು ಬಂದ ದಿಕ್ಕಿಗೆ ಎದುರಾಗಿ ಹೋಗುತ್ತಿದೆ. ಕಿಟಕಿಯಾಚೆ ಕೊಯ್ದ ಗದ್ದೆಗಳ ಹುಲ್ಲಿನ ವಾಸನೆ. ಮಡಿಲಿಗೆ ಟವೆಲ್ ಹಾಸಿಕೊಂಡು ಕಾಯಿ ಸುಲಿಯತೊಡಗುತ್ತೇನೆ. ಪಕ್ಕದ ಸೀಟಿನ ಅಜ್ಜಿ ಮಾತಿಲ್ಲದೆ ಒಂದು ಹಿಡಿ ಎತ್ತಿಕೊಂಡು ತಾವೂ ಸುಲಿಯುತ್ತಾರೆ. ಊರು ಬರುವಷ್ಟರಲ್ಲಿ ಕಾಳು ಬೇರೆ, ಸಿಪ್ಪೆ ಬೇರೆ. ತೂಗಿದರೆ ಕಾಯಿಯ ಅರ್ಧದಷ್ಟೂ ಕಾಳು ಇರುವುದಿಲ್ಲ, ಆದರೂ ನಾಲ್ಕು ಜನಕ್ಕೆ ಸಾಕು.

"ಬಂದ್ಯಾ ಕೂಸು? ಅವರೆಲಿ ಸೊಗಡು ಅದಾ?" ಅತ್ತೆಮ್ಮ ಬಾಗಿಲಲ್ಲೇ ಕೇಳುತ್ತಾರೆ. ನಾನು ಕೈ ಚಾಚುತ್ತೇನೆ. ಅವರು ನನ್ನ ಬೆರಳನ್ನು ಮೂಸಿ ತಲೆಯಾಡಿಸುತ್ತಾರೆ.

ಒಲೆಯ ಮೇಲೆ ದಪ್ಪ ತಳದ ಪಾತ್ರೆ, ನೀರು, ಕಾಳು. ಬಸ್ಸಾರಿಗೆ ನಾನು ಕುಕ್ಕರ್ ಮುಟ್ಟುವುದಿಲ್ಲ. ಎರಡು ಸೀಟಿ ಹೆಚ್ಚಾದರೆ ಎಳೆಯ ಕಾಳು ಒಡೆದು ಕಟ್ಟು ಬಗ್ಗಡವಾಗುತ್ತದೆ. ತೆರೆದ ಪಾತ್ರೆಯಲ್ಲಾದರೆ ಕಣ್ಣಿಟ್ಟಿರಬಹುದು. ನೊರೆ ಏಳುತ್ತದೆ, ತೆಗೆಯುತ್ತೇನೆ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ದಂಟು, ಅದು ಮೆತ್ತಗಾಗುತ್ತಿದ್ದಂತೆ ಎಲೆ, ಸಬ್ಬಸಿಗೆ, ಉಪ್ಪು. ಈಗ ಮುಚ್ಚಳ ಮುಚ್ಚಬಾರದು, ಸೊಪ್ಪಿನ ಹಸಿರು ಕೆಡುತ್ತದೆ.

ಅತ್ತ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಅಂಚು ಕಪ್ಪಾಗುವಂತೆ ಹುರಿದು, ಜೀರಿಗೆ, ನಾಲ್ಕು ಮೆಣಸು, ಕಾಯಿತುರಿ, ಸಾರಿನ ಪುಡಿ, ನೆನೆಸಿದ ಹುಣಸೆ.

"ಈಗ ಬಸಿ, ತಡ ಮಾಡ್ಬೇಡ," ಅತ್ತೆಮ್ಮ ಕೂಗುತ್ತಾರೆ. ಎರಡು ಬೆರಳಲ್ಲಿ ಒಂದು ಕಾಳನ್ನು ಹಿಚುಕಿ ನೋಡಿಯೇ ಅವರು ಹಾಗೆ ಹೇಳುವುದು.

ತಟ್ಟೆ ಮುಚ್ಚಿ, ಬಟ್ಟೆ ಹಿಡಿದು ಪಾತ್ರೆ ಬಗ್ಗಿಸುತ್ತೇನೆ. ಹಬೆ ಮುಖಕ್ಕೆ ಹೊಡೆಯುತ್ತದೆ. ತಿಳಿ ಹಸಿರು ಕಟ್ಟು ಕೆಳಗಿನ ಪಾತ್ರೆಗೆ ಧಾರೆಯಾಗಿ ಇಳಿಯುತ್ತದೆ. ಬಸಿದ ಸಾರು, ಬಸ್ಸಾರು. ಸೊಪ್ಪು, ಕಾಳು ಬೆಂದ ನೀರನ್ನು ಚೆಲ್ಲದ ಈ ಅಡುಗೆಯನ್ನು ನಾನು ಯಾವ ಹಬ್ಬದಡುಗೆಗೂ ಕಡಿಮೆ ಎನ್ನಲಾರೆ. ಇಳಿದದ್ದು ಸಾರು, ಉಳಿದದ್ದು ಪಲ್ಯ. ಮೈಯಲ್ಲಿ ಕಸುವಿಲ್ಲದ ದಿನ ಮಸಾಲೆಯ ಗೊಡವೆಯೇ ಬೇಡ, ಕಟ್ಟನ್ನು ಹಾಗೇ ಇಟ್ಟು ಖಾರ ಮಾತ್ರ ಅರೆದುಕೊಂಡರೆ ಉಪ್ಸಾರು.

ಹುರಿದಿಟ್ಟ ಮಸಾಲೆಗೆ ಬೆಂದ ಕಾಳುಸೊಪ್ಪು ಒಂದು ಸೌಟು ಸೇರಿಸಿ ರುಬ್ಬುತ್ತೇನೆ. ಸಾರಿಗೆ ಮೈ ಬರುವುದು ಇದರಿಂದಲೇ. ಕಟ್ಟಿಗೆ ಕಲಸಿ ಕುದಿಯಲು ಬಿಡುತ್ತೇನೆ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಚಟಪಟ ಅನ್ನುವಾಗ ಮಗಳು ಪುಸ್ತಕ ಬಿಟ್ಟು ಎದ್ದು ಬರುತ್ತಾಳೆ. ಅವಳಿಗೆ ಮೂಲಂಗಿ ಹೆಚ್ಚುವ ಕೆಲಸ. ಪಲ್ಯಕ್ಕೆ ಒಣಮೆಣಸಿನಕಾಯಿ, ಈರುಳ್ಳಿ, ಕೊನೆಗೆ ಒಂದು ಹಿಡಿ ಕಾಯಿತುರಿ, ಅಷ್ಟೇ. ಅನ್ನ ಆಗಲೇ ಆಗಿದೆ.

ಹಿಟ್ಟು ಮಾತ್ರ ಅತ್ತೆಮ್ಮನದು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ಎಸರು ಕುದಿಯುವಾಗ ರಾಗಿಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ ಬಿಡುತ್ತಾರೆ. ಗುಳುಗುಳು ಸದ್ದು ನಿಧಾನವಾಗಿ ದಪ್ಪಗಾಗುತ್ತದೆ. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಬಟ್ಟೆ ಕೊಟ್ಟು ಭದ್ರ ಹಿಡಿದು, ಎರಡೂ ಕೈಯಲ್ಲಿ ತಿರುವುತ್ತಾರೆ. ಎಪ್ಪತ್ತು ದಾಟಿದ ತೋಳು. ನಾನು ಮುಂದಾದರೆ "ನಿಂದು ಗಂಟಾಯ್ತದ" ಅನ್ನುತ್ತಾರೆ. ನಿಜ, ಆಗುತ್ತದೆ. ಒದ್ದೆ ಕೈಯಲ್ಲಿ ಒಂದೊಂದೇ ಉಂಡೆ ಹೊರಳಿಸಿ ತಟ್ಟೆಗಿಡುತ್ತಾರೆ, ಅದರ ಮೈ ಹೊಳೆಯುತ್ತದೆ.

ಎಂಟು ಗಂಟೆ. ಚಾಮರಾಜನಗರದ ಕಡೆಯ ರೈಲಿನ ಕೂಗು ಕೇಳುತ್ತದೆ. ಇವರು ಬಂದು ಕೈ ತೊಳೆದು ಕೂರುತ್ತಾರೆ. ನಡುವೆ ಗುಳಿ ಮಾಡಿದ ಹಿಟ್ಟಿಗೆ ಬಿಸಿ ಸಾರು, ಪಕ್ಕದಲ್ಲಿ ಪಲ್ಯ, ಮೂಲಂಗಿ. ತುತ್ತು ಮುರಿದು ಸಾರಲ್ಲಿ ಹೊರಳಿಸಿ ನುಂಗಿದರೆ ಮೊದಲು ಹುಣಸೆ, ಹಿಂದೆಯೇ ಮೆಣಸು, ಕಟ್ಟಕಡೆಗೆ ಅವರೆಯ ಸೊಗಡು ಗಂಟಲಲ್ಲಿ ಉಳಿಯುತ್ತದೆ. ಮಾತು ನಿಲ್ಲುತ್ತದೆ. ಹಿಟ್ಟು ಮುಗಿದ ಮೇಲೆ ಅನ್ನಕ್ಕೆ ಅದೇ ಸಾರು, ಆಮೇಲೆ ಮಜ್ಜಿಗೆ.

ಕೊನೆಗೆ ಇವರು ಚೀಲದಿಂದ ಒಂದು ಸಣ್ಣ ಚಿಪ್ಪು ತೆಗೆಯುತ್ತಾರೆ. ರಸಬಾಳೆ. ಭೌಗೋಳಿಕ ಸೂಚಕದ ಪಟ್ಟಿಯಲ್ಲಿ ನಮ್ಮೂರ ಹೆಸರು ಹೊತ್ತ ಹಣ್ಣು, ನಮ್ಮೂರಲ್ಲೇ ಹುಡುಕಿ ತರಬೇಕು. ಮಣ್ಣಲ್ಲಿ ಅಡಗಿ ಬೇರಿನಿಂದ ಗಿಡಕ್ಕೆ ಏರುವ ಪನಾಮ ಸೊರಗು ರೋಗ ತೋಟಗಳನ್ನು ಬರಿದು ಮಾಡಿತು. 1950ರ ದಶಕದಲ್ಲಿ ಮಧ್ಯ ಅಮೆರಿಕದ ಗ್ರೋಸ್ ಮಿಷೆಲ್ ಬಾಳೆಯನ್ನು ನೆಲಕಚ್ಚಿಸಿದ್ದೂ ಇದೇ ರೋಗ. ಛಲ ಬಿಡದೆ ಇನ್ನೂ ಇದನ್ನು ನೆಡುವ ರೈತರಿಗೆ ಕೇಳಿದ ಬೆಲೆ ಕೊಟ್ಟರೂ ಕಡಿಮೆಯೇ. ಮಗಳು ಸಿಪ್ಪೆ ಸುಲಿಯುತ್ತಾಳೆ, ಕೋಣೆಗೆಲ್ಲ ಪರಿಮಳ. ಒಬ್ಬೊಬ್ಬರಿಗೆ ಅರ್ಧರ್ಧ ಹಣ್ಣು.

ಅತ್ತೆಮ್ಮ ಉಳಿದ ಒಂದು ಮುದ್ದೆಯನ್ನು ನೀರಿನ ಪಾತ್ರೆಗೆ ಮುಳುಗಿಸುತ್ತಾರೆ, ಬೆಳಗ್ಗೆ ಮಜ್ಜಿಗೆಗೆ ಕಿವುಚಲು. ಸಾರಿನ ಪಾತ್ರೆಯನ್ನು ಇನ್ನೊಮ್ಮೆ ಕುದಿಸಿ ಮುಚ್ಚಿಡುತ್ತೇನೆ.

"ನಾಳಕ ಇನ್ನೂ ರುಚಿ ಕನ," ಅನ್ನುತ್ತಾರೆ ಅವರು, ದೀಪ ಆರಿಸುತ್ತಾ.